ಬಿಂದಿಗೆ ಬಂತು

ನನಗೆ ಯಾವ ಆಟವೂ ಬರುವುದಿಲ್ಲ. ಚಿಕ್ಕವಳಿದ್ದಾಗ ಕುಂಟೆಬಿಲ್ಲೆ ಆಡಿದ್ದೆ, ಅಳಗುಳಿಮಣೆಯಲ್ಲಿ ಅಜ್ಜಿಯನ್ನು ಎರಡು ಸಲ ಸೋಲಿಸಿದ್ದೆ. ನನ್ನ ಕ್ರೀಡಾಜೀವನ ಅಲ್ಲಿಗೆ ಮುಗಿಯಿತು. ಇಂಥವಳು ಮೂವತ್ತು ವರ್ಷ ಖೋಖೋ ತಂಡವೊಂದರ ಹಿಂದೆ ಮೈದಾನದಿಂದ ಮೈದಾನಕ್ಕೆ ಅಲೆದಿದ್ದೇನೆಂದರೆ ಅದಕ್ಕೆ ಕಾರಣ ಬಹಳ ಸರಳ. 1995ರಲ್ಲಿ ನಾನು ತಿಪಟೂರು ಸೀಮೆಯ ಒಂದು ಹಳ್ಳಿಯ ಅನುದಾನಿತ ಪ್ರೌಢಶಾಲೆಗೆ ಕನ್ನಡ ಮತ್ತು ಸಮಾಜ ಪಾಠ ಮಾಡಲು ಸೇರಿದೆ. ಹೆಣ್ಣುಮಕ್ಕಳ ತಂಡ ಪರವೂರಿಗೆ ಹೋಗುವಾಗ ಜೊತೆಯಲ್ಲಿ ಒಬ್ಬ ಹೆಂಗಸು ಇರಬೇಕೆಂಬುದು ತಾಯಂದಿರ ಷರತ್ತು. ಶಾಲೆಯಲ್ಲಿದ್ದ ಒಬ್ಬಳೇ ಹೆಂಗಸು ನಾನು. ಹೀಗೆ, ಆಟ ಬಾರದವಳು ಆಟದವರ ಕಾವಲಿಗೆ ನೇಮಕಗೊಂಡೆ.

ನಮ್ಮ ಸೀಮೆಯನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳೂ ತೆಂಗಿನ ನೆರಳಿನಲ್ಲಿ ಬೆಳೆದವು. ಬಸ್ಸಿನ ಕಿಟಕಿಯಿಂದ ನೋಡಿದರೆ ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ತಿಳಿಯುವುದಿಲ್ಲ. ಅದೇ ತೋಟ, ಅದೇ ಅಟ್ಟದ ಮೇಲಿನ ಕಾಯಿ, ನುಸಿ ಬಿತ್ತೆಂದು, ಕೊಬ್ಬರಿ ಬೆಲೆ ಬಿತ್ತೆಂದು ಅದೇ ಗೊಣಗಾಟ. ಆದರೆ ಒಳಗಿರುವ ನಮಗೆ ಮಾತ್ರ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ವ್ಯತ್ಯಾಸ ಕಾಣುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲಿ ತುರುವೇಕೆರೆ ಕಡೆಯ ಗಣಿತದ ಮೇಷ್ಟ್ರೊಬ್ಬರಿದ್ದರು. ಕನ್ನಡಕ್ಕೆ ಬಿ.ಎಂ.ಶ್ರೀಯವರನ್ನು ಕೊಟ್ಟದ್ದು ತಮ್ಮ ತಾಲ್ಲೂಕಿನ ಸಂಪಿಗೆ ಎಂದು ಅವರು ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದರು. ಆಗ ಚಿಕ್ಕನಾಯಕನಹಳ್ಳಿಯ ಗುಮಾಸ್ತರು ಪೆನ್ನು ಕೆಳಗಿಟ್ಟು, ‘ತೀನಂಶ್ರೀ ಎಲ್ಲಿಯವರು ಸಾರ್? ನಮ್ಮ ತೀರ್ಥಪುರದವರು’ ಎನ್ನುತ್ತಿದ್ದರು. ಇಬ್ಬರು ಮಹನೀಯರೂ ಗುರುಶಿಷ್ಯ ಭಾವದಿಂದ ಬಾಳಿದವರೆಂದು ಕನ್ನಡ ಪಾಠದ ನಾನು ಹೇಳಿದರೆ ಇಬ್ಬರಿಗೂ ರುಚಿಸುತ್ತಿರಲಿಲ್ಲ. ಗಣಿತದ ಮೇಷ್ಟ್ರು ಮಾತ್ರ, ‘ನೋಡಿದ್ರಾ, ಗುರು ನಮ್ಮ ಕಡೆಯವರೇ ಆದರು’ ಎಂದು ಅದರಲ್ಲೂ ಒಂದು ಪಾಯಿಂಟು ಹೊಡೆದುಕೊಳ್ಳುತ್ತಿದ್ದರು.

ತಾಲ್ಲೂಕು ತಾಲ್ಲೂಕಿನ ನಡುವೆ ಇದ್ದದ್ದು ಈ ಬಗೆಯ ಚಹಾ ಹೊತ್ತಿನ ಪೈಪೋಟಿ. ನಿಜವಾದ ಹಗೆ ಇದ್ದದ್ದು ಹತ್ತಿರದವರ ಮೇಲೆ. ನಮ್ಮೂರಿಗೆ ಒಂದು ಕೆರೆ. ಕೆರೆಯ ಆಚೆ ದಡಕ್ಕೆ ಇನ್ನೊಂದು ಊರು. ನಾವು ಆ ಊರಿನ ಹೆಸರನ್ನೇ ಹೇಳುವುದಿಲ್ಲ, ‘ಕೆರೆಯಾಚೆ’ ಎನ್ನುತ್ತೇವೆ. ಅವರೂ ನಮ್ಮನ್ನು ಹಾಗೆಯೇ ಕರೆಯುತ್ತಾರೆಂದು ತಿಳಿದಾಗ ನಮ್ಮ ಹುಡುಗಿಯರಿಗೆ ಬಹಳ ಅವಮಾನವಾಗಿತ್ತು. ನಾವು ಹೇಗೆ ಆಚೆಯವರಾಗುತ್ತೇವೆ? ಅಲ್ಲೂ ಒಂದು ಪ್ರೌಢಶಾಲೆ ಇದೆ, ಅಲ್ಲೂ ಖೋಖೋ ತಂಡ ಇದೆ. ಪ್ರತಿ ವರ್ಷ ಆಗಸ್ಟಿನಲ್ಲಿ ವಲಯಮಟ್ಟದ ಕ್ರೀಡಾಕೂಟ ಬಂತೆಂದರೆ ಉಳಿದ ಶಾಲೆಗಳು ಹೇಗಾದರೂ ಆಡಿಕೊಳ್ಳಲಿ, ಕೆರೆಯಾಚೆಯವರ ಎದುರು ಗೆದ್ದರೆ ಸಾಕು. ತಾಲ್ಲೂಕು ಮಟ್ಟದಲ್ಲಿ ಮಣ್ಣು ಮುಕ್ಕಿ ಬಂದರೂ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ‘ಅವರನ್ನ ಹೊಡೆದ್ರಾ?’ ಎಂಬುದೊಂದೇ ಪ್ರಶ್ನೆ. ದಸರಿಘಟ್ಟದ ಚೌಡೇಶ್ವರಿಗೆ ಎರಡೂ ತಂಡದವರು ಹರಕೆ ಹೊತ್ತ ವರ್ಷಗಳೂ ಉಂಟು. ಪಾಪ, ಆ ತಾಯಿ ಏನು ಮಾಡಿಯಾಳು!

ಖೋಖೋ ಬಡವರ ಆಟ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಓಡುವ ಕಾಲು, ಇಷ್ಟಿದ್ದರೆ ನಡೆಯುತ್ತದೆ. ಎಂಟು ಜನ ಸಾಲಾಗಿ ಕೂರುತ್ತಾರೆ, ಒಬ್ಬರು ಆ ಕಡೆ ಮುಖ ಮಾಡಿದರೆ ಪಕ್ಕದವರು ಈ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಎದುರು ತಂಡದವರು ಮೂರು ಮೂರು ಜನರಾಗಿ ಒಳಗೆ ಬಂದು ಸಾಲಿನ ಮಧ್ಯೆ ನುಸುಳಿ ತಪ್ಪಿಸಿಕೊಳ್ಳುತ್ತಾರೆ. ಅಟ್ಟುವವಳು ಸಾಲನ್ನು ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತಿಲ್ಲ. ತನ್ನ ಕೈಲಾಗದಿದ್ದರೆ ಕೂತವಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು. ಆಗ ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಬೆನ್ನು ಮುಟ್ಟದೆ ಬರಿಯ ಬಾಯಲ್ಲಿ ‘ಖೋ’ ಎಂದರೆ ಅದು ಫೌಲ್. ಆಟ ಬಾರದ ನನಗೂ ಈ ಒಂದು ನಿಯಮ ಚೆನ್ನಾಗಿ ಗೊತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮ ತಂಡದ ಗುರುತು ಒಂದು ಹಿತ್ತಾಳೆ ಬಿಂದಿಗೆ. ಎಲ್ಲಿ ಪಂದ್ಯವಿದ್ದರೂ ಅದು ನಮ್ಮ ಜೊತೆ ಬರುತ್ತದೆ. ಅದಕ್ಕೊಂದು ಶಾಸ್ತ್ರವೇ ಬೆಳೆದಿದೆ. ಹಿಂದಿನ ದಿನ ಸಂಜೆ ತಂಡದವರೆಲ್ಲ ಸೇರಿ ಹುಣಸೆಹಣ್ಣು ಹಾಕಿ ಬಿಂದಿಗೆಯನ್ನು ತಿಕ್ಕಬೇಕು. ಬೆಳಿಗ್ಗೆ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ನೀರು ತುಂಬಬೇಕು. ಮೈದಾನದಲ್ಲಿ ಬಿಂದಿಗೆಯನ್ನು ಕಂಬದ ನೇರಕ್ಕೆ, ಗೆರೆಯ ಹೊರಗೆ ಇಡಬೇಕು. ಮೊದಲ ಇನಿಂಗ್ಸ್ ಮುಗಿಯುವವರೆಗೆ ಯಾರೂ ಕುಡಿಯಬಾರದು. ಆಮೇಲೆ ಒಂದೇ ಲೋಟ, ತೊಳೆಯದೆ, ಕೈಯಿಂದ ಕೈಗೆ ಹೋಗಬೇಕು. ಕೊನೆಯಲ್ಲಿ ಕುಡಿಯುವವಳು ಕ್ಯಾಪ್ಟನ್. ಇಷ್ಟರಲ್ಲಿ ಒಂದು ತಪ್ಪಿದರೂ ಸೋಲು ಖಂಡಿತ ಎಂದು ನಮ್ಮ ಹುಡುಗಿಯರು ನಂಬಿದ್ದಾರೆ. ಕೆರೆಯಾಚೆಯವರು ಇದನ್ನು ನೋಡಿ ಸುಮ್ಮನಿರುತ್ತಾರೆಯೇ? ನಮ್ಮ ತಂಡ ಬಸ್ಸಿಳಿಯುವುದೇ ತಡ, ‘ಬಿಂದಿಗೆ ಬಂತು, ಸೋಲೂ ಬಂತು’ ಎಂದು ಅವರ ಕಡೆಯ ನೂರು ಗಂಟಲು ಕೂಗುತ್ತವೆ. ನಾವು ಗೆದ್ದ ವರ್ಷ ಅದೇ ಮಾತನ್ನು ತಿರುಗಿಸಿ ಅವರ ಕಡೆಗೆ ಎಸೆಯುತ್ತೇವೆ. ಅವರ ತಾಯಂದಿರು ಕೂಗಿದ್ದನ್ನು ಈಗ ಮಕ್ಕಳು ಕೂಗುತ್ತಿದ್ದಾರೆ.

ಈ ಬಿಂದಿಗೆ ಯಾಕೆ ಬಂತು? ನಮ್ಮೂರಿನಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ‘ಒಂದು ವರ್ಷ ಕೆರೆಯಾಚೆಯವರು ನೀರಿಗೆ ಮದ್ದಿಕ್ಕಿದ್ದರು. ನಮ್ಮ ಬೆಸ್ಟ್ ಆಟಗಾರ್ತಿಗೆ ಆ ನೀರು ಕುಡಿದ ಮೇಲೆ ಕೈಯೇ ಬರಲಿಲ್ಲ. ಒಂದು ಪಾಯಿಂಟಿನಲ್ಲಿ ಸೋತೆವು. ಅವತ್ತಿನಿಂದ ನಮ್ಮ ನೀರು ನಮ್ಮದೇ.’ ಮದ್ದಿಕ್ಕುವುದೆಂದರೆ ನಮ್ಮ ಕಡೆ ಸಣ್ಣ ಆಪಾದನೆಯಲ್ಲ. ಅದರ ಹೆಸರಿನಲ್ಲಿ ನೆಂಟಸ್ತನ ಮುರಿದಿವೆ, ಹೆಂಗಸರು ಊರು ಬಿಟ್ಟಿದ್ದಾರೆ.

ನನ್ನ ತಮ್ಮನ ಮಗ ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿದ್ದಾನೆ. ಅಲ್ಲಿನ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲೇ ಕೆಲಸಕ್ಕೆ ನಿಂತವನು. 2024ರ ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಫೋನಿನಲ್ಲಿ ಮುಖ ಕಾಣಿಸಿದಾಗ ಮನೆಯಲ್ಲಿ ಸಾವಾದವನಂತೆ ಕೂತಿದ್ದ. ಏನಾಯಿತೋ ಎಂದು ಗಾಬರಿಯಿಂದ ಕೇಳಿದರೆ, ‘ಅತ್ತೆ, ಈ ಸಲಾನೂ ಜಗ್ ಬರಲಿಲ್ಲ’ ಎಂದ. ಜಗ್ ಎಂದರೆ ನೀರಿನ ಹೂಜಿ. ಕಥೆಯನ್ನು ಅವನೇ ಹೇಳಿದ. ಅಲ್ಲಿ ಕಾಲೇಜುಗಳ ನಡುವೆ ನಡೆಯುವ ಫುಟ್‌ಬಾಲ್ ಎಂದರೆ ದೇಶಕ್ಕೆ ದೇಶವೇ ಹುಚ್ಚೆದ್ದು ನೋಡುವ ಆಟ. ನಾವು ತಿಳಿದಿರುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಒಬ್ಬರನ್ನೊಬ್ಬರು ಗುಮ್ಮಿ ಕೆಡವುವ ಆಟ. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಎಂಬ ಎರಡು ಕಾಲೇಜುಗಳು ಆಡಿದ್ದು ಮೊದಲ ಪಂದ್ಯವಂತೆ. 1903ರ ಅಕ್ಟೋಬರ್ 31ರಂದು ಮಿಷಿಗನ್ ತಂಡ ಮಿನಿಯಾಪೊಲಿಸ್‌ಗೆ ಆಡಲು ಬಂತು. ಅವರ ತರಬೇತುದಾರ ಯೋಸ್ಟ್ ಎಂಬಾತ ನೀರಿಗೆಂದು ಅಲ್ಲೇ ಅಂಗಡಿಯಲ್ಲಿ 30 ಸೆಂಟಿಗೆ ಒಂದು ಮಣ್ಣಿನ ಹೂಜಿ ಕೊಡಿಸಿದ. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುವ ಹೂಜಿ. ಯಾಕೆ? ಎದುರಾಳಿಗಳು ನೀರಿಗೆ ಏನಾದರೂ ಬೆರೆಸಿಯಾರೆಂಬ ಅನುಮಾನ ಆತನಿಗಿತ್ತೆಂದು ಜನ ಹೇಳುತ್ತಾರೆ. ಪಂದ್ಯ ಆರು-ಆರು ಸಮವಾಯಿತು. ಮಿಷಿಗನ್‌ನವರು ಹೋಗುವ ಗಡಿಬಿಡಿಯಲ್ಲಿ ಹೂಜಿ ಮರೆತರು. ಮಿನ್ನೆಸೋಟದ ಆಳು ಆಸ್ಕರ್ ಮನ್ಸನ್ ಅದನ್ನು ಎತ್ತಿಟ್ಟ. ಬೇಕಾದರೆ ಗೆದ್ದು ತೆಗೆದುಕೊಂಡು ಹೋಗಿ ಎಂದಾಯಿತು. 1909ರಲ್ಲಿ ಅವರು ಬಂದು ಗೆದ್ದು ಒಯ್ದರು. ಅಂದಿನಿಂದ ಗೆದ್ದವರ ಮನೆಯಲ್ಲಿ ಹೂಜಿ.

ಅವನು ಇನ್ನೂ ಹೇಳುತ್ತಿದ್ದ, ನನಗೆ ನಗು ತಡೆಯಲಾಗಲಿಲ್ಲ. ಅನುಮಾನವೆಂದರೆ ಅಲ್ಲೂ ನೀರಿನದೇ! ‘ಅದು ನಿಜವೇನೋ?’ ಎಂದು ಕೇಳಿದೆ. ‘ಅನುಮಾನದ ಕಥೆಗೆ ಆಧಾರ ಕಡಿಮೆ ಅಂತಾರೆ ಅತ್ತೆ. ಬರೀ ಒಳ್ಳೆ ನೀರಿಗೋಸ್ಕರ ಕೊಂಡಿರಬಹುದು. ಆದರೆ ಆ ಕಥೆ ಚೆನ್ನಾಗಿದೆ ಅಲ್ವಾ, ಅದಕ್ಕೆ ಉಳಕೊಂಡಿದೆ’ ಎಂದ. ಅಷ್ಟು ಹೊತ್ತಿಗೆ ನನ್ನ ನಗು ನಿಂತುಹೋಗಿತ್ತು.

ಯಾಕೆಂದರೆ ಒಂದು ತಿಂಗಳ ಹಿಂದೆಯಷ್ಟೇ ಆ ಆಗಸ್ಟಿನ ಪಂದ್ಯದ ಸಂಜೆ ಬಸ್ ನಿಲ್ದಾಣದಲ್ಲಿ ಎರಡೂ ಊರಿನ ಹುಡುಗರು ಹೊಡೆದಾಡಿಕೊಂಡಿದ್ದರು. ಆಡಿದವರು ಹುಡುಗಿಯರು, ಹೊಡೆದಾಡಿದವರು ಎಂದೂ ಖೋಖೋ ಆಡದ ಗಂಡುಹುಡುಗರು. ನಮ್ಮ ಕಡೆಯವನೊಬ್ಬ ‘ಮದ್ದಿಕ್ಕೋ ಜಾತಿ’ ಎಂದನಂತೆ. ಅವರ ಕಡೆಯವನೊಬ್ಬ ಒಣ ಮಟ್ಟೆ ಎತ್ತಿದನಂತೆ. ಹತ್ತನೇ ತರಗತಿಯ ನನ್ನ ವಿದ್ಯಾರ್ಥಿಯೊಬ್ಬನ ಹಣೆಗೆ ಐದು ಹೊಲಿಗೆ ಬಿತ್ತು. ಆಸ್ಪತ್ರೆಯಲ್ಲಿ ಅವನ ತಲೆ ಹಿಡಿದುಕೊಂಡು ಕೂತಿದ್ದವಳು ನಾನು. ‘ಅವರು ಮದ್ದಿಕ್ಕಿದ್ದು ಸುಳ್ಳಾ ಮೇಡಂ?’ ಎಂದು ಆ ಹುಡುಗ ನೋವಿನಲ್ಲೂ ಕೇಳಿದ. ಆ ಕಥೆ ಸುಳ್ಳೆಂದು ಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು ಜನ. ಅವರಲ್ಲಿ ನಾನೊಬ್ಬಳು. ‘ಮಾತಾಡಬೇಡ, ಹೊಲಿಗೆ ಬಿಚ್ಚುತ್ತದೆ’ ಎಂದೆ.

ಈಗ ನಿಜ ಹೇಳಬೇಕು. ಅದು 1998ನೇ ಇಸವಿ. ವಲಯದ ಆಟಗಳು ಕೆರೆಯಾಚೆ ಊರಿನಲ್ಲಿ ನಡೆದವು. ನಮ್ಮ ತಂಡದಲ್ಲಿ ಊರ ಹೊರಗಿನ ಕಾಲೋನಿಯ ಹುಡುಗಿಯೊಬ್ಬಳಿದ್ದಳು. ಅಂಥ ಓಟವನ್ನು ನಾನು ಆಮೇಲೆ ನೋಡಿಲ್ಲ. ಕಂಬದ ಹತ್ತಿರ ಅವಳು ತಿರುಗುವುದು ಗಾಳಿಗೆ ಗರಿ ತಿರುಗಿದಂತಿರುತ್ತಿತ್ತು. ಮೊದಲ ಇನಿಂಗ್ಸ್ ಮುಗಿದಾಗ ನಾವು ಮೂರು ಪಾಯಿಂಟು ಮುಂದಿದ್ದೆವು. ಮೈದಾನದ ಪಕ್ಕದ ಮನೆಯವರು ದೊಡ್ಡ ಮನಸ್ಸಿನಿಂದ ಎರಡೂ ತಂಡಕ್ಕೆ ನೀರಿನ ವ್ಯವಸ್ಥೆ ಮಾಡಿದ್ದರು. ಜಗಲಿಯ ಮೇಲೆ ಹಂಡೆ, ಪಕ್ಕದಲ್ಲಿ ಚೊಂಬು, ಲೋಟಗಳು. ಆ ಮನೆಯ ಅಜ್ಜಿ ಕೂತು ಪ್ರತಿಯೊಬ್ಬ ಹುಡುಗಿಗೂ, ‘ಯಾರ ಮಗಳವ್ವಾ ನೀನು?’ ಎಂದು ಕೇಳಿ ನೀರು ಕೊಡುತ್ತಿದ್ದರು. ನಮ್ಮ ಕಡೆ ಅದು ಪ್ರೀತಿಯ ಮಾತು. ವಿಚಾರಿಸದೆ ನೀರು ಕೊಟ್ಟರೆ ಬೇಜಾರಾಗುತ್ತದೆ. ಈ ಹುಡುಗಿ ತನ್ನ ತಂದೆಯ ಹೆಸರು ಹೇಳಿದಳು, ಕೇಳಿದ್ದಕ್ಕೆ ಮನೆ ಎಲ್ಲಿ ಎಂಬುದನ್ನೂ ಹೇಳಿದಳು. ಅಜ್ಜಿ ಲೋಟ ಕೆಳಗಿಟ್ಟು ಚೊಂಬು ಎತ್ತಿಕೊಂಡರು. ‘ನೀನು ಕೈ ಒಡ್ಡವ್ವಾ’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟ ಕೊಟ್ಟಷ್ಟೇ ಸಹಜವಾಗಿ ಹೇಳಿದರು.

ಹುಡುಗಿ ಬೊಗಸೆ ಒಡ್ಡಿದಳು. ಮೇಲಿನಿಂದ ನೀರು ಬಿತ್ತು. ಕುಡಿದಳು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ನನ್ನ ಕೈಯಲ್ಲಿ ಅದೇ ಮನೆಯ ಲೋಟವಿತ್ತು, ಅರ್ಧ ನೀರು ಕುಡಿದಾಗಿತ್ತು. ಹಿಂದಿನ ವಾರವಷ್ಟೇ ಒಂಬತ್ತನೇ ತರಗತಿಗೆ ಅಸ್ಪೃಶ್ಯತೆ ಸಂವಿಧಾನದ 17ನೇ ವಿಧಿಯಂತೆ ನಿಷಿದ್ಧವೆಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೆ. ಆ ಹುಡುಗಿ ಎರಡನೇ ಬೆಂಚಿನಲ್ಲಿ ಕೂತು ಎಲ್ಲರೊಂದಿಗೆ ಗಟ್ಟಿಯಾಗಿ ಹೇಳಿದ್ದಳು. ಈಗ ನಾನು ಏನಾದರೂ ಅನ್ನಬೇಕಿತ್ತು. ಅನ್ನಲಾಗದಿದ್ದರೆ ಲೋಟವನ್ನಾದರೂ ಕೆಳಗಿಡಬೇಕಿತ್ತು. ನಾನು ಉಳಿದರ್ಧ ನೀರನ್ನೂ ಕುಡಿದೆ.

ಎರಡನೇ ಇನಿಂಗ್ಸಿನಲ್ಲಿ ಅವಳು ಅಟ್ಟುವ ಸರದಿ. ಬಾಣದಂತೆ ಬಂದಳು, ‘ಖೋ’ ಎಂದು ಕೂಗಿದಳು, ಕೂತವಳ ಬೆನ್ನು ಮುಟ್ಟಲಿಲ್ಲ. ಅಂಪೈರ್ ಸೀಟಿ ಊದಿದರು. ಮತ್ತೆ ಬಂದಳು, ಕೂಗಿದಳು, ಕೈ ಗೇಣು ದೂರದಲ್ಲೇ ನಿಂತಿತು. ಮತ್ತೆ ಸೀಟಿ. ನಮ್ಮ ಡ್ರಿಲ್ ಮೇಷ್ಟ್ರು ಗೆರೆಯಾಚೆಯಿಂದ, ‘ಮುಟ್ಟೇ, ಮುಟ್ಟು!’ ಎಂದು ಅರಚುತ್ತಿದ್ದರು. ಮೂರನೇ ಸಲವೂ ಹಾಗೇ ಆಯಿತು. ಒಂದು ಪಾಯಿಂಟಿನಲ್ಲಿ ಸೋತೆವು. ಬರುವಾಗ ಬಸ್ಸಿನಲ್ಲಿ ಡ್ರಿಲ್ ಮೇಷ್ಟ್ರು ಅವಳನ್ನು ಬೈಯಲು ಹೊರಟರು. ನಾನು ಅವರ ತೋಳು ಹಿಡಿದು, ನೋಡಿದ್ದನ್ನು ಹೇಳಿದೆ. ಅವರು ಮರುಮಾತಾಡದೆ ಕಿಟಕಿಯ ಕಡೆ ತಿರುಗಿ ಕೂತರು. ಊರಿಗೆ ಬಂದ ಮೇಲೆ ಜನ ಸುತ್ತಿಕೊಂಡು, ಅಷ್ಟು ಚೆನ್ನಾಗಿ ಆಡುವವಳಿಗೆ ಏನಾಯಿತು ಎಂದು ಕೇಳಿದರು. ‘ಅಲ್ಲಿ ನೀರು ಕುಡಿದ ಮೇಲೆ ಹೀಗಾಯ್ತು’ ಎಂದು ಯಾರೋ ಒಬ್ಬ ಹುಡುಗಿ ಹೇಳಿದಳು. ಅದು ಸುಳ್ಳೂ ಅಲ್ಲ. ಬೆಳಗಾಗುವ ಹೊತ್ತಿಗೆ ಆ ಮಾತಿಗೆ ಮದ್ದು ಸೇರಿಕೊಂಡಿತ್ತು.

ಮುಂದಿನ ವರ್ಷ ಡ್ರಿಲ್ ಮೇಷ್ಟ್ರು ತಮ್ಮ ಹೆಂಡತಿಯ ಬಳುವಳಿಯ ಹಿತ್ತಾಳೆ ಬಿಂದಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಜೊತೆಗೆ ಒಂದೇ ಒಂದು ಲೋಟ. ‘ಇದರಲ್ಲೇ ಎಲ್ಲರೂ ಕುಡೀಬೇಕು. ತೊಳೆಯಂಗಿಲ್ಲ. ತೊಳೆದರೆ ಸೋಲ್ತೀರಿ’ ಎಂದರು. ಮಕ್ಕಳು ಮೂಢನಂಬಿಕೆಗೆ ಬೇಗ ಒಪ್ಪುತ್ತಾರೆ, ನೀತಿಪಾಠಕ್ಕೆ ನಿಧಾನವಾಗಿ ಎಂಬುದು ಆ ಪುಣ್ಯಾತ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಶಾಸ್ತ್ರವೆಲ್ಲ ಹುಟ್ಟಿದ್ದು ಹೀಗೆ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ನಮ್ಮ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷ ಒಪ್ಪತ್ತು ಬಿಡುತ್ತೇವಲ್ಲ, ಒಳಗಿನ ನೀರು ಇಂಗಿ, ಗಿಟುಕು ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆ ದಿನದ ಸಂಗತಿಯೂ ಹಾಗೆಯೇ ಆಯಿತು. ನೀರು ಇಂಗಿ ಸದ್ದು ಉಳಿಯಿತು.

ಕೆರೆಯಾಚೆಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ವರ್ಷ ಪಂದ್ಯ ನಮ್ಮೂರಿನಲ್ಲಿ ನಡೆದಿದ್ದರೆ ನಮ್ಮ ಜಗಲಿಯ ಮೇಲೂ ಒಬ್ಬ ಅಜ್ಜಿ ಕೂತಿರುತ್ತಿದ್ದರು. ನಮ್ಮೂರ ಹೋಟೆಲಿನಲ್ಲಿ ಕಾಲೋನಿಯವರಿಗೆ ಬೇರೆ ಲೋಟಗಳು ಆಗ ಹೊರಗಿನ ಗೂಡಿನಲ್ಲೇ ಇದ್ದವು. ಅದೇ ಹೋಟೆಲಿನ ಬೆಂಚಿನ ಮೇಲೆ ಕೂತು ನಮ್ಮ ಜನ ಕೆರೆಯಾಚೆಯವರ ಮದ್ದಿನ ಮಾತಾಡುತ್ತಿದ್ದರು.

ಆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವಳು, ಆಮೇಲೆ ಕಂಡಿರಲಿಲ್ಲ. 2025ರ ಜನವರಿಯಲ್ಲಿ ತಿಪಟೂರಿಗೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರು ನನ್ನ ಆಧಾರ್ ಕಾರ್ಡು ನೋಡದೆಯೇ ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಟ್ಟು, ‘ಚೆನ್ನಾಗಿದ್ದೀರಾ ಮೇಡಂ?’ ಎಂದರು. ಖಾಕಿ ಅಂಗಿ, ತಲೆಯಲ್ಲಿ ಅಲ್ಲಲ್ಲಿ ನರೆ. ದನಿಯಿಂದ ಗುರುತು ಹಿಡಿದೆ. ಆ ವಾರ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಮುಗಿದಿತ್ತು. ಭಾರತದ ಹೆಣ್ಣುಮಕ್ಕಳು ಫೈನಲ್ಲಿನಲ್ಲಿ ನೇಪಾಳವನ್ನು ಸೋಲಿಸಿದ್ದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಕೂಡ ಇದ್ದಳು. ‘ನೋಡಿದ್ರಾ ಮೇಡಂ, ನಮ್ಮಂಥ ಹಳ್ಳಿ ಹುಡುಗಿ!’ ಎಂದು ಅವಳು ಹಿಗ್ಗಿದಳು. ಬಸ್ಸು ಅರ್ಧ ಖಾಲಿಯಾದ ಮೇಲೆ ನನ್ನ ಪಕ್ಕ ಬಂದು ಕೂತಳು. ಬಿಂದಿಗೆ ಇನ್ನೂ ಇದೆಯಾ ಎಂದು ಕೇಳಿದಳು.

ನಾನು ಇಪ್ಪತ್ತಾರು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಆ ಸೀಟಿನಲ್ಲಿ ಹೇಳಿದೆ. ಅವತ್ತು ನೋಡಿದ್ದೆ, ಸುಮ್ಮನಿದ್ದೆ ಎಂದೆ. ಅವಳು ಟಿಕೆಟ್ ಮಿಷನ್ನಿನ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತ, ‘ಗೊತ್ತು ಮೇಡಂ. ನೀವು ಲೋಟದೊಳಗೆ ನೋಡ್ತಿದ್ರಿ’ ಎಂದಳು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

‘ಅವತ್ತು ಖೋ ಕೊಡೋವಾಗ ಏನಾಯ್ತೋ... ಮುಟ್ಟಲಾ ಬೇಡ್ವಾ ಅಂತ ಒಂದು ಗಳಿಗೆ ಕೈ ನಿಲ್ತಿತ್ತು. ಅಷ್ಟೇ. ಮಾರನೇ ದಿನಕ್ಕೆ ಸರಿಹೋಯ್ತು’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಿಮಗೆ ಇನ್ನೊಂದು ಗೊತ್ತಿಲ್ಲ, ನೀವು ನೋಡಲಿಲ್ಲವಲ್ಲ. ನನ್ನ ಹಿಂದೆ ನಿಂತಿದ್ದೋಳು ಅವರ ಕ್ಯಾಪ್ಟನ್ನು. ಅಜ್ಜಿ ಅವಳಿಗೆ ಲೋಟ ಕೊಟ್ರೆ ತಗೊಳ್ಳಲಿಲ್ಲ. ನನ್ನ ಹಂಗೇ ಬೊಗಸೆ ಒಡ್ಡಿದ್ಲು. ಅಜ್ಜಿ ಚೆನ್ನಾಗಿ ಬೈದ್ರು. ಅವಳದೇ ಅಜ್ಜಿ ಮೇಡಂ ಅದು, ಅವಳದೇ ಮನೆ. ಇವಳು ಕೈ ತೆಗೀಲೇ ಇಲ್ಲ’ ಎಂದಳು.

ಆ ಊರಿನ ಹದಿನೈದು ವರ್ಷದ ಹುಡುಗಿ, ತನ್ನ ಅಜ್ಜಿಯ ಎದುರು, ಸೋಲುತ್ತಿದ್ದ ಪಂದ್ಯದ ನಡುವೆ ಮಾಡಿದ್ದನ್ನು ಬಿ.ಎ., ಬಿ.ಎಡ್. ಆದ ನಾನು ಮಾಡಿರಲಿಲ್ಲ. ಅವಳ ಊರನ್ನೇ ನಾವು ಮದ್ದಿನ ಊರೆಂದು ಕರೆಯುತ್ತ ಬಂದೆವು. ‘ಇದನ್ನ ಮಕ್ಕಳಿಗೆ ಹೇಳಲೇನಮ್ಮ?’ ಎಂದು ಕೇಳಿದೆ. ‘ಹೇಳಿ. ನನ್ನ ಹೆಸರು ಬೇಡ, ನನ್ನ ಮಗಳಿಗೆ ಇನ್ನೂ ಹೇಳಿಲ್ಲ’ ಎಂದು ಎದ್ದು ಸೀಟಿ ಊದಿದಳು. ನನ್ನ ನಿಲ್ದಾಣ ಬಂದಿತ್ತು.

ಆದರೂ ಹೇಳಲು ನನಗೆ ಏಳು ತಿಂಗಳು ಬೇಕಾಯಿತು. ಅಭಿಮಾನದ ಕಥೆಯನ್ನು ಕೀಳುವುದು ಸುಲಭವಲ್ಲ. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎಂಬ ಎರಡು ಫುಟ್‌ಬಾಲ್ ತಂಡಗಳಿವೆ. ಒಂದು 1889ರದು, ಇನ್ನೊಂದು 1920ರದು. 1911ರಲ್ಲಿ ಮೋಹನ್ ಬಾಗಾನ್‌ನವರು ಬಹುಪಾಲು ಬರಿಗಾಲಿನಲ್ಲೇ ಆಡಿ ಇಂಗ್ಲಿಷ್ ಸೈನಿಕರ ತಂಡವನ್ನು ಸೋಲಿಸಿ ಶೀಲ್ಡ್ ಗೆದ್ದದ್ದನ್ನು ನಾನೇ ಪಾಠದಲ್ಲಿ ಹೇಳಿದ್ದೇನೆ. ಅವರು ಗೆದ್ದರೆ ಸಿಗಡಿ ಅಡುಗೆ, ಇವರು ಗೆದ್ದರೆ ಹಿಲ್ಸಾ ಮೀನು. ಎಷ್ಟು ಸೊಗಸಾದ ಪದ್ಧತಿ! ಆದರೆ 1980ರ ಆಗಸ್ಟ್ 16ರಂದು ಇದೇ ಎರಡು ತಂಡಗಳ ಪಂದ್ಯದಲ್ಲಿ ಅಭಿಮಾನಿಗಳ ಗಲಭೆಗೆ 16 ಜನ ಸತ್ತರು. ಇನ್ನೊಂದು ಕಡೆ ನಮ್ಮ ಕೊಡಗನ್ನು ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳನ್ನು ಒಂದೆಡೆ ಸೇರಿಸಲೆಂದೇ ಕರಡದಲ್ಲಿ ಹಾಕಿ ಪಂದ್ಯ ಆರಂಭಿಸಿದಾಗ 60 ಮನೆತನಗಳ ತಂಡಗಳಿದ್ದವು. 2024ರಲ್ಲಿ 360 ತಂಡಗಳು ಆಡಿದವು. ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡಬಹುದು. ಅಲ್ಲಿ ಪೈಪೋಟಿ ಇಲ್ಲವೆಂದಲ್ಲ, ಆದರೆ ಎಲ್ಲರನ್ನೂ ಸೇರಿಸಬೇಕೆಂಬ ಉದ್ದೇಶ ಮೊದಲ ದಿನದಿಂದಲೂ ಎಲ್ಲರಿಗೂ ತಿಳಿದೇ ಇದೆ.

ಆ ಜೂನ್ 3ರ ರಾತ್ರಿ ನಮ್ಮೂರಿನಲ್ಲೂ ಪಟಾಕಿ ಸಿಡಿಯಿತು. 2008ರಿಂದ ಕಾದಿದ್ದ ಬೆಂಗಳೂರು ತಂಡಕ್ಕೆ ಹದಿನೆಂಟನೇ ಸಲಕ್ಕೆ ಐಪಿಎಲ್ ಕಪ್ ಸಿಕ್ಕಿತ್ತು. ನಮ್ಮ ಬೋರ್ಡಿನ ಮೂಲೆಯಲ್ಲಿ ವರ್ಷವರ್ಷವೂ ‘ಈ ಸಲ ಕಪ್ ನಮ್ದೇ’ ಎಂದು ಬರೆದು ಬೈಸಿಕೊಂಡಿದ್ದ ಮಕ್ಕಳು ಕುಣಿದವು. ನಾನೂ ಒಂದು ಉಂಡೆ ಬೆಲ್ಲ ಹಂಚಿದೆ. ಮಾರನೇ ದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತ ಸುದ್ದಿ ಬಂತು. ಅವರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು. ಅಲ್ಲಿ ಯಾರೂ ಯಾರ ಮೇಲೂ ಹಗೆಯಿಂದ ಬಂದಿರಲಿಲ್ಲ. ಸಂತೋಷಕ್ಕೆ ಬಂದವರ ಗತಿಯೇ ಹೀಗಾದರೆ, ಸುಳ್ಳು ನಂಬಿ ಹಗೆ ಕಟ್ಟಿಕೊಂಡು ಬರುವವರ ಕಥೆಯೇನು? ಹಣೆಯ ಮೇಲೆ ಐದು ಹೊಲಿಗೆಯ ಗುರುತಿದ್ದ ಆ ಹುಡುಗ ನನ್ನ ಕಣ್ಣ ಮುಂದೆ ಬಂದ.

ಆಗಸ್ಟಿನಲ್ಲಿ ವಲಯದ ಪಂದ್ಯ ನಮ್ಮ ಮೈದಾನಕ್ಕೇ ಬಂತು. ಹಿಂದಿನ ಸಂಜೆ ಹುಡುಗಿಯರು ಬೋರ್‌ವೆಲ್ ಕಟ್ಟೆಯ ಮೇಲೆ ಕೂತು ಬಿಂದಿಗೆ ತಿಕ್ಕುತ್ತಿದ್ದರು. ನಾನೂ ಸೆರಗು ಸಿಕ್ಕಿಸಿಕೊಂಡು ಕೂತೆ, ಒಂದು ಹಿಡಿ ಹುಣಸೆ ತೆಗೆದುಕೊಂಡೆ, ತಿಕ್ಕುತ್ತಲೇ ಹೇಳಿದೆ. ಹೆಸರೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ. ಯಾರೂ ಮಾತಾಡಲಿಲ್ಲ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಂಟನೇ ತರಗತಿಯವಳು, ತಲೆಯೆತ್ತಿ, ‘ನೀವ್ಯಾಕೆ ಲೋಟ ಕೆಳಗಿಡಲಿಲ್ಲ ಮೇಡಂ?’ ಎಂದು ಕೇಳಿದಳು. ಮೂವತ್ತು ವರ್ಷದ ಪಾಠದಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ‘ಹೆದರಿಕೆಯಾಗಿತ್ತು’ ಎಂದೆ. ಅವಳು, ‘ಹೂಂ’ ಎಂದು ಬಿಂದಿಗೆಯ ಕಂಠ ತಿಕ್ಕತೊಡಗಿದಳು.

ಮಾರನೇ ದಿನ ಮೊದಲ ಇನಿಂಗ್ಸ್ ಮುಗಿದಾಗ ಲೋಟ ಎಂದಿನಂತೆ ಕೈಯಿಂದ ಕೈಗೆ ಬಂದು ಕ್ಯಾಪ್ಟನ್ನಿನ ಹತ್ತಿರ ನಿಂತಿತು. ಅವಳು ಕುಡಿಯಲಿಲ್ಲ. ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮೈದಾನ ದಾಟಿ ಕೆರೆಯಾಚೆಯವರ ಕಡೆ ನಡೆದಳು. ನಾನು ಹೇಳಿಕೊಟ್ಟದ್ದಲ್ಲ. ಎರಡೂ ಕಡೆಯ ಕೂಗು ಒಂದು ಕ್ಷಣ ನಿಂತಿತು. ಅವರ ಹುಡುಗಿಯರು ಮುಖ ಮುಖ ನೋಡಿಕೊಂಡರು. ಅವರ ಮೇಡಂ ಅನುಮಾನದಿಂದ ಬಿಂದಿಗೆಯೊಳಗೆ ಬಗ್ಗಿ ನೋಡಿದರು. ನಾಲ್ಕು ಜನ ಕುಡಿದರು. ಉಳಿದವರು, ‘ನಮಗೆ ಬಾಯಾರಿಕೆ ಇಲ್ಲ’ ಎಂದರು. ಕುಡಿದ ಕೊನೆಯವಳ ಕೈಯಿಂದ ಲೋಟ ತೆಗೆದುಕೊಂಡು ನಮ್ಮ ಕ್ಯಾಪ್ಟನ್ ತಾನೂ ಕುಡಿದಳು.

ಆ ಪಂದ್ಯವನ್ನು ನಾವು ಎರಡು ಪಾಯಿಂಟಿನಲ್ಲಿ ಸೋತೆವು. ಅವರ ಕಡೆಯವರು ಕುಣಿದಾಡುತ್ತ, ನಮ್ಮದೇ ಊರಿನಲ್ಲಿ ನಿಂತು, ‘ಬಿಂದಿಗೆ ಬಂತು, ಸೋಲೂ ಬಂತು’ ಎಂದು ಗಂಟಲು ಹರಿಯುವಂತೆ ಕೂಗಿದರು. ನೀರು ಕುಡಿದ ನಾಲ್ಕು ಜನರ ಕೂಗೇ ಎಲ್ಲಕ್ಕಿಂತ ಜೋರಾಗಿತ್ತು. ನಮ್ಮ ಹುಡುಗಿಯರು ಉರಿದುಬಿದ್ದರು, ಮುಂದಿನ ವರ್ಷ ನೋಡಿಕೊಳ್ಳುತ್ತೇವೆಂದು ಶಪಥ ಮಾಡಿದರು. ಶಾಸ್ತ್ರ ಮುರಿದು ನೀರನ್ನು ಆಚೆಯವರಿಗೆ ಕೊಟ್ಟದ್ದೇ ಸೋಲಿಗೆ ಕಾರಣವೆಂದು ಇಬ್ಬರು ಕ್ಯಾಪ್ಟನ್ನಿನ ಜೊತೆ ಜಗಳಕ್ಕೂ ನಿಂತರು. ಬಸ್ ನಿಲ್ದಾಣದಲ್ಲಿ ಗಂಡುಹುಡುಗರು ಒಂದಿಷ್ಟು ಹೊತ್ತು ದುರುಗುಟ್ಟಿ ನೋಡಿಕೊಂಡರು. ಮದ್ದಿನ ಮಾತು ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಮುಂದಿನ ವರ್ಷ ಬರುವುದಿಲ್ಲವೆಂದು ನಾನು ಹೇಳಲಾರೆ.

ಎಲ್ಲರೂ ಹೋದ ಮೇಲೆ ಬಿಂದಿಗೆ ಕಂಬದ ಬಳಿ ಒಂಟಿಯಾಗಿ ನಿಂತಿತ್ತು. ಒಳಗೆ ಕೊಂಚ ನೀರು ಉಳಿದಿತ್ತು. ಎಷ್ಟೋ ವರ್ಷ ಅದರ ಜೊತೆ ಊರೂರು ತಿರುಗಿದ್ದೆ, ಆದರೆ ತಂಡದವರ ಲೋಟವೆಂದು ನಾನು ಒಂದು ದಿನವೂ ಅದರಲ್ಲಿ ಕುಡಿದಿರಲಿಲ್ಲ. ಕೆರೆಯಾಚೆಯ ಹುಡುಗಿಯರೂ ನಮ್ಮವರೂ ಕುಡಿದಿಟ್ಟಿದ್ದ ಲೋಟವನ್ನು ಎತ್ತಿಕೊಂಡು, ತೊಳೆಯದೆ, ಅದರ ತುಂಬ ಬಗ್ಗಿಸಿಕೊಂಡು ಕುಡಿದೆ. ಆಮೇಲೆ ಬಿಂದಿಗೆಯನ್ನು ಒಳಗೆ ತೆಗೆದುಕೊಂಡು ಹೋಗಿ ಬೋರಲು ಹಾಕಿ ಮನೆಗೆ ಬಂದೆ.